ಹರಸಿಸಿಕೊಂಡವಳ ಎದುರು ಕಪ್ಪು ಕುದುರೆ

ಕೆತ್ತಿ, ಊಟಿ ಬಳಿ,
21 ಜನವರಿ 2025

ಮುದ್ದಿನ ಮೊಮ್ಮಗಳು ನಿವೇತಾಳಿಗೆ,

ಹೇಗಿದ್ದೀಯ? ಕೊಯಮತ್ತೂರಿನ ಹಾಸ್ಟೆಲ್ ಅನ್ನ ಹೊಟ್ಟೆಗೆ ಒಗ್ಗಿತೋ, ಇನ್ನೂ ಬಿಸ್ಕತ್ತಿನಲ್ಲೇ ಕಾಲ ಹಾಕುತ್ತಿದ್ದೀಯೋ? ಇಲ್ಲಿ ಹಿಮ ಬಿದ್ದು ಕೆಳಗಿನ ಸಾಲಿನ ಟೀ ಗಿಡಗಳೆಲ್ಲ ಕರಕಲಾಗಿವೆ. ನನ್ನ ಮೊಣಕಾಲು ಹಾಗೇ ಇದೆ, ನಿನ್ನ ಅಜ್ಜಿಯ ಬಾಯಿಯೂ ಹಾಗೇ ಇದೆ. ನೀನು ನನ್ನ ಫೋನ್ ಎತ್ತದೆ ಐದು ತಿಂಗಳಾಯಿತು. ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡಲು ಬರುವುದಿಲ್ಲ ನೋಡು.

ನಾನು ಕಲಿಸಿದ ಆಟವಾಡಿ ನೀನು ಜಿಲ್ಲಾ ಆಯ್ಕೆಯಲ್ಲಿ ಸೋತೆ, ಕೋಚ್ ಎಲ್ಲರೆದುರು ನಕ್ಕರು, ಇನ್ನು ಚದುರಂಗದ ಹಲಗೆಯನ್ನೇ ಮುಟ್ಟುವುದಿಲ್ಲ ಎಂದೆ. ಪುಸ್ತಕದಲ್ಲಿ ಆ ಆಟಕ್ಕೆ ಅಲೆಖೈನ್ ಡಿಫೆನ್ಸ್ ಎಂಬ ದೊಡ್ಡ ಹೆಸರಿದೆ, ನಮ್ಮ ಮನೆಯಲ್ಲಿ ಕುದುರೆ ಓಟ. ಕಪ್ಪಿನವರು ಮೊದಲ ನಡೆಗೇ ಕುದುರೆಯನ್ನು ಹೊರಗೆ ಬಿಡುತ್ತಾರೆ. ಬಿಳಿಯ ಕಾಲಾಳುಗಳು ಅದನ್ನು ಅಟ್ಟಿಸಿಕೊಂಡು ಮುಂದೆ ಮುಂದೆ ಬಂದು ಮನೆಯಿಂದ ದೂರವಾಗುತ್ತವೆ. ಆಮೇಲೆ ಅವುಗಳ ಮೇಲೆ ಬೀಳಬೇಕು. ಹೋದ ವರ್ಷ ಹಟ್ಟಿಯವರೆಲ್ಲ ಕಾಡುಕೋಣವನ್ನು ರಸ್ತೆಯವರೆಗೆ ಓಡಿಸಲು ಹೋದಾಗ ಕರಡಿ ನಮ್ಮ ಅಡುಗೆಮನೆಗೆ ನುಗ್ಗಿ ಎಣ್ಣೆ ಕುಡಿದು ಹೋಯಿತಲ್ಲ, ಅದೇ ತಂತ್ರ. ಓಡುವುದನ್ನು ನಿನಗೆ ಚೆನ್ನಾಗಿ ಕಲಿಸಿದೆ, ಯಾವಾಗ ತಿರುಗಿ ಬೀಳಬೇಕೆಂದು ಸರಿಯಾಗಿ ಕಲಿಸಲಿಲ್ಲ. ನೀನು ಸೋತದ್ದು ನನ್ನ ತಪ್ಪಿನಿಂದ, ಕುದುರೆಯ ತಪ್ಪಿನಿಂದಲ್ಲ.

ಇದನ್ನು ನಿನಗೆ ತೋರಿಸಬೇಕೆಂದು ಮೊನ್ನೆ ಭಾನುವಾರ ಊಟಿಯ ಟೂರ್ನಮೆಂಟಿಗೆ ನಾನೇ ಹೆಸರು ಕೊಟ್ಟೆ. ಗೆದ್ದ ಮೇಲೇ ನಿನಗೆ ಬರೆಯುವುದೆಂದು ತೀರ್ಮಾನಿಸಿದ್ದೆ. ಎಪ್ಪತ್ತೊಂದರ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಅಜ್ಜಿ ಬೈಯುತ್ತಲೇ ಸ್ವೆಟರ್ ಹಾಕಿ ಕಳಿಸಿದಳು. ಎದುರಿಗೆ ಬಂದವಳು ಪಕ್ಕದ ಹಟ್ಟಿಯ ಜೀವಿತಾ, ನಿನ್ನದೇ ವಯಸ್ಸು. ನಮ್ಮವರ ಮಗಳಲ್ಲವೇ, ಕೂರುವ ಮೊದಲು ಹಿರಿಯರ ಆಶೀರ್ವಾದಕ್ಕೆಂದು ತಲೆ ಬಾಗಿಸಿ ನಿಂತಳು. ನನ್ನ ಕೈ ತಾನಾಗಿ ಅವಳ ತಲೆ ಮೇಲೆ ಹೋಯಿತು. "ಗೆದ್ದು ಬದುಕು, ಅಮ್ಮಿ" ಎಂದು ಬಾಯಿ ತುಂಬ ಹರಸಿಬಿಟ್ಟೆ.

ಆಮೇಲೆ ನನ್ನ ಕಪ್ಪು ಕುದುರೆ ಬಿಟ್ಟೆ. ಅವಳ ನಾಲ್ಕು ಕಾಲಾಳುಗಳು ಅಟ್ಟಿಸಿಕೊಂಡು ಬಂದವು. ಈ ಸಲ ಸರಿಯಾದ ಹೊತ್ತಿಗೆ ಬಿದ್ದೆ. ಎರಡನ್ನು ತಿಂದೆ, ಮೂರನೆಯದು ಬಾಯಿಗೆ ಬಂದಿತ್ತು, ಅವಳ ರಾಜ ಬೀದಿಗೆ ಬಿದ್ದಿದ್ದ. ಆಗ ನೆನಪಾಯಿತು, ಗೆಲ್ಲು ಎಂದು ಹರಸಿದವನು ನಾನೇ. ತಲೆ ಮುಟ್ಟಿ ಹೇಳಿದ ಮಾತನ್ನು ಅರ್ಧ ದಿನವೂ ಕಳೆಯದೆ ನಾನೇ ಮುರಿಯುವುದು ಹೇಗೆ? ಬೆವರು ಒರೆಸಿಕೊಂಡೆ, ನೀರು ಕುಡಿದೆ, ಕೊನೆಗೆ ಡ್ರಾ ಕೇಳಿದೆ. ಅವಳು ಹಲಗೆ ನೋಡಿದಳು, ನನ್ನ ಮುಖ ನೋಡಿದಳು, ಜ್ವರವೇ ಎಂದು ಕೇಳಿ ಒಪ್ಪಿಕೊಂಡಳು. ಟೂರ್ನಮೆಂಟ್ ನಡೆಸುತ್ತಿದ್ದ ರಾಜಾಮಣಿ ಹಣೆ ಚಚ್ಚಿಕೊಂಡರು. ಮನೆಯಲ್ಲಿ ಅಜ್ಜಿ, ಬಾಯಿ ಮುಚ್ಚಿಕೊಂಡು ಹರಸಲು ಬರುವುದಿಲ್ಲವೇ ಎಂದಳು.

ನಿನ್ನ ಎದುರು ತಲೆಯೆತ್ತಿ ಹೇಳುವಂಥ ಗೆಲುವು ಸಿಗಲಿಲ್ಲ, ಆದರೂ ಬರೆಯುತ್ತಿದ್ದೇನೆ. ನೀನಿಲ್ಲದೆ ಹಲಗೆಯ ಆಚೆ ಕಡೆ ಖಾಲಿ ಇದೆ, ನನಗೆ ತುಂಬಾ ಬೇಸರ.

ಅಜ್ಜಿ ಕಳಿಸಿದ ಉಪ್ಪಿನಕಾಯಿಯನ್ನು ಒಬ್ಬಳೇ ತಿನ್ನಬೇಡ. ನಿನ್ನ ಕಣ್ಣು, ಕೈಕಾಲು, ಓದು ಎಲ್ಲ ಚೆನ್ನಾಗಿರಲಿ.

ನಿನ್ನ
ಜೋಗಿ ಅಜ್ಜ

ಮರೆತಿದ್ದೆ: ನಿನ್ನೆ ಜೀವಿತಾ ಮನೆಗೇ ಬಂದಿದ್ದಳು. "ಅಜ್ಜಾ, ಇದು ಸರಿಯಿಲ್ಲೆ. ಎನಗ ಬಾಕಿ ಆಟ ಬೇಕು" ಎಂದು ಹಟ ಹಿಡಿದಿದ್ದಾಳೆ. ಕಾಯಿಗಳನ್ನು ಅಂದು ಇದ್ದ ಹಾಗೆಯೇ ಜೋಡಿಸಿಟ್ಟಿದ್ದೇನೆ. ಧೂಳು ಒರೆಸಲು ಅಜ್ಜಿಯನ್ನೂ ಬಿಟ್ಟಿಲ್ಲ. ಫೆಬ್ರವರಿ ಎರಡು, ಭಾನುವಾರ, ಅವಳು ಮತ್ತೆ ಬರುತ್ತಾಳೆ. ಅವಳನ್ನು ಹರಸಿದ್ದು ನಾನು, ನೀನಲ್ಲ. ನಡೆ ಕಪ್ಪಿನದು, ನನ್ನ ಜಾಗದಲ್ಲಿ ನೀನು ಕೂರು. ಬೆಳಗಿನ ಬಸ್ಸಿಗೇ ಹೊರಟು ಬಾ.