ಬಗ್ಗಿದವನು ಯಾರು

10 ಫೆಬ್ರವರಿ 2025, ಸೋಮವಾರ. ಕಡೂರು

ಇಡೀ ದಿನ ಸಖರಾಯಪಟ್ಟಣದಲ್ಲಿ ಅಳತೆ. ಎರಡು ತೋಟಗಳ ನಡುವಿನ ಗಡಿಕಲ್ಲು ತಾನೇ ಮೂರು ಅಡಿ ನಡೆದುಕೊಂಡು ಹೋಗಿದೆ! ಇಬ್ಬರೂ ದೇವರ ಮೇಲೆ ಆಣೆ ಇಟ್ಟರು. ಇಪ್ಪತ್ತೆರಡು ವರ್ಷದಿಂದ ಸರ್ವೆಯರ್ ನಾನು. ಆಣೆ ಕೇಳಿದ ಕೂಡಲೇ ನಕ್ಷೆ ಬಿಚ್ಚುತ್ತೇನೆ.

ಮನೆಗೆ ಬಂದರೆ ಬಾಗಿಲಲ್ಲಿ ಹೊಸ ಚಪ್ಪಲಿ. ಅವ್ವನ ಕಾಲಿನ ಶುಗರ್ ಗಾಯಕ್ಕೆ ಡ್ರೆಸಿಂಗ್ ಮಾಡಲು ಹೆಂಡತಿ ಕೋಮಲಾ ಒಬ್ಬಳನ್ನು ಗೊತ್ತು ಮಾಡಿದ್ದಾಳೆ. ಅವಳಿಗಾದರೂ ಪುರುಸೊತ್ತೆಲ್ಲಿ... ಬೆಳಗ್ಗೆ ಏಳಕ್ಕೆ ಅಜ್ಜಂಪುರದ ಸ್ಕೂಲಿಗೆ ಬಸ್ಸು ಹಿಡಿಯಬೇಕು. ಬಂದವಳ ಹೆಸರು ವಿದ್ಯಾಶ್ರೀ. ತರೀಕೆರೆಯ ಕ್ಲಿನಿಕ್ಕಿನಲ್ಲಿ ನರ್ಸು, ವಾಸ ಕಡೂರು. ಫೀಸು ಬೇಡವಂತೆ.

“ಕ್ರಿಶ್ಚಿಯನ್ ಕಣ್ರೀ,” ಎಂದಳು ಕೋಮಲಾ, ಉಪ್ಪು ಕಡಿಮೆ ಆಗಿದೆ ಅನ್ನುವಷ್ಟೇ ಸಲೀಸಾಗಿ.

ಹೆಸರು ವಿದ್ಯಾಶ್ರೀ, ಮತ ಕ್ರಿಸ್ತನದು! ಖಾತೆ ಒಬ್ಬರ ಹೆಸರಲ್ಲಿ, ಸ್ವಾಧೀನ ಇನ್ನೊಬ್ಬರದು. ಪುಕ್ಕಟೆ ಯಾರೂ ಕೀವು ಒರೆಸುವುದಿಲ್ಲ. ಕಣ್ಣಿಡಬೇಕು.

13 ಗುರುವಾರ, ಸಂಜೆ ಆರು

ವಿದ್ಯಾಶ್ರೀ ಬರುವ ಹೊತ್ತಿಗೆ ಅವ್ವನ ದಿಂಬಿನ ಹಿಂದೆ ಮೊಬೈಲಿನ ರೆಕಾರ್ಡಿಂಗ್ ಹಾಕಿಟ್ಟು ಹೊರಗೆ ಹೋದೆ. ನಾಚಿಕೆ ಆಗಬೇಕಿತ್ತು. ಆಗಲಿಲ್ಲ.

ನಲವತ್ತು ನಿಮಿಷ ಕೇಳಿದೆ. ಹುರುಳಿ ಸಾರು. ಮಂಡಿ ನೋವು. ಅವ್ವ ಎರಡು ಸಲ ನಕ್ಕಳು. ಕೊನೆಗೆ ಅವ್ವನೇ, “ಆ ಕತೆ ಓದವ್ವ” ಎಂದಳು. ಇವಳು ಓದಿದಳು. ಯಾರೋ ಕುಷ್ಠರೋಗಿ, ಊರಾಚೆ ಇದ್ದವನು. ಯೇಸು ಅವನನ್ನು ಮುಟ್ಟಿದನಂತೆ.

“ಮುಟ್ಟೇಬಿಟ್ನಾ?”

“ಮೊದ್ಲು ಮುಟ್ಟಿದ ಅಜ್ಜಿ. ಆಮೇಲೆ ವಾಸಿ ಮಾಡ್ದ.”

ಭಲೇ ಚಾಲಾಕಿ. ಊರಾಚೆ ಬದುಕಿದ ನಮ್ಮ ಜನಕ್ಕೆ ಎಂಥ ಕತೆ ನಾಟುತ್ತದೆಂದು ಚೆನ್ನಾಗಿ ಬಲ್ಲಳು.

16 ಭಾನುವಾರ

ಅವ್ವನ ದಿಂಬಿನಡಿ ಕಪ್ಪು ರಟ್ಟಿನ ಪುಸ್ತಕ, ಬೈಬಲ್ಲು. ಅವ್ವನಿಗೆ ಓದಲು ಬರುವುದಿಲ್ಲ, ಅವಳಿಗೇಕೆ ಪುಸ್ತಕ? ಕೆಂಪು ಪೆನ್ ಹಿಡಿದು ಕೂತೆ, ತಕರಾರಿನ ದಾಖಲೆ ನೋಡುವ ಹಾಗೆ. ನಡುವೆ ಒಂದು ಚಿತ್ರದ ಕಾರ್ಡು ಸಿಕ್ಕಿತು. ಒಬ್ಬ ಕೂತಿದ್ದಾನೆ. ಇನ್ನೊಬ್ಬ ಸೊಂಟಕ್ಕೆ ಟವೆಲ್ ಸುತ್ತಿ, ಬೋಗುಣಿ ಇಟ್ಟುಕೊಂಡು, ಬಗ್ಗಿ ಅವನ ಕಾಲು ತೊಳೆಯುತ್ತಿದ್ದಾನೆ.

ಕೂತವನು ಗುರು, ಬಗ್ಗಿದವನು ಶಿಷ್ಯ. ಇದಕ್ಕೆ ಓದಬೇಕೇ? ನಮ್ಮಲ್ಲಿ ಪಾದಪೂಜೆ ನೋಡಿ ನೋಡಿ ಸಾಕಾಗಿದೆ. ಬುದ್ಧನ ದೀಕ್ಷೆ ತೆಗೆದುಕೊಂಡ ದಿನವೇ ನಾನೊಂದು ನೇಮ ಮಾಡಿಕೊಂಡಿದ್ದೇನೆ: ಯಾರ ಕಾಲಿಗೂ ಬಗ್ಗುವುದಿಲ್ಲ. ಅವ್ವನನ್ನು ಮತ್ತೆ ಬಗ್ಗಿಸಲು ಬಂದಿದ್ದಾರೆ. ಪುಸ್ತಕ ಮುಚ್ಚಿಟ್ಟೆ. ಪುರಾವೆ ಸಿಕ್ಕಿತಲ್ಲ.

17 ಸೋಮವಾರ

ಆಫೀಸಿಗೆ ಅರ್ಧ ದಿನ ರಜೆ ಹಾಕಿ ಕಾದೆ. ಬಂದಳು. ಕಾರ್ಡು ಮುಖದ ಮುಂದೆ ಹಿಡಿದೆ.

“ನೋಡಮ್ಮ, ನಿಮ್ ಗುರುನೂ ಕಾಲು ತೊಳಿಸ್ಕೊಂಡೋನೇ. ಅವ್ವನ ತಂಟೆಗೆ ಬರ್ಬೇಡ.”

ಸಿಟ್ಟಾಗುತ್ತಾಳೆಂದುಕೊಂಡಿದ್ದೆ. ಕಾರ್ಡು ನೋಡಿದಳು, ನನ್ನನ್ನು ನೋಡಿದಳು. “ಸಾರ್, ಬಗ್ಗಿರೋನೇ ಅವ್ನು,” ಎಂದಳು.

ಕಾರ್ಡು ಇನ್ನೊಮ್ಮೆ ನೋಡಿದೆ. ಆದರೆ ಎಂಥೆಂಥ ಸಬೂಬು ಕೇಳಿಲ್ಲ ನಾನು... ಬಾಗಿಲು ತೋರಿಸಿದೆ. ಹತ್ತಿಯ ಸುರುಳಿ, ಔಷಧಿ ಬಾಟಲು ಮೇಜಿನ ಮೇಲಿಟ್ಟು, “ದಿನಾ ಬಿಚ್ಚಿ ನೋಡ್ಬೇಕು ಸಾರ್, ಅಜ್ಜಿಗೆ ನೋವು ಗೊತ್ತಾಗಲ್ಲ,” ಎಂದು ಹೋದಳು.

ಅವ್ವ ಗೋಡೆ ಕಡೆ ತಿರುಗಿ ಮಲಗಿದಳು. ಊಟ ಬೇಡವಂತೆ.

27 ಗುರುವಾರ

ಏನು ಮಾಡಿಬಿಟ್ಟೆ ನಾನು!

ಕೋಮಲಾ ಮೂರು ದಿನ ಡ್ರೆಸಿಂಗ್ ಮಾಡಿದಳು. ಆಮೇಲೆ ಅವ್ವ “ವಾಸಿಯಾಯ್ತು, ಬಿಡ್ರೋ” ಎಂದು ಹಳೇ ಸೀರೆಯ ಚೂರು ತಾನೇ ಸುತ್ತಿಕೊಂಡಿದ್ದಾಳೆ. ಊರವರ ಮಾತನ್ನೆಲ್ಲ ಅನುಮಾನದಿಂದ ನೋಡುವ ನಾನು ಇದನ್ನು ಮಾತ್ರ ನಂಬಿದೆ. ನನಗೆ ಅನುಕೂಲವಾಗಿತ್ತು, ನಂಬಿದೆ. ಬೆಳಗ್ಗೆ ಕೋಣೆಗೆ ಹೋದರೆ ವಾಸನೆ. ಬಿಚ್ಚಿದರೆ ಕಿರುಬೆರಳು ಕಪ್ಪಾಗಿದೆ.

ತರೀಕೆರೆಗೆ ಕಾರು ಮಾಡಿಕೊಂಡು ಓಡಿದೆವು. ಬೆರಳು ತೆಗೆದರು. ದಿನಕ್ಕೆರಡು ಸಲ ತೊಳೆದು ಒಣಗಿಸದಿದ್ದರೆ ಪಾದವೇ ಹೋಗುತ್ತದೆ ಎಂದರು ಡಾಕ್ಟರು.

28 ಶುಕ್ರವಾರ, ಆಸ್ಪತ್ರೆ

ಅವ್ವನಿಗೆ ಇಂದು ಬಾಯಿ ಬಂತು.

“ಲೇ ಪ್ರಸಾದ, ಆ ಹುಡುಗಿ ಯಾರು ಗೊತ್ತೇನೋ? ನಮ್ ಹಳೇ ಊರಿನ ಗಂಗಾಧರಯ್ಯನ ಮೊಮ್ಮಗಳು ಕಣೋ.”

ಗಂಗಾಧರಯ್ಯನ ಮನೆಯ ಬೀದಿ! ಆ ಬೀದಿ ದಾಟುವಾಗ ಅವ್ವ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯುತ್ತಿದ್ದಳು. ಸೆರಗು ಹಿಡಿದು ಪಕ್ಕದಲ್ಲೇ ನಡೆದಿದ್ದೇನೆ ನಾನು.

“ಗೊತ್ತಿದ್ದೂ ಸುಮ್ನಿದ್ದೆಯಾ?”

“ಮೊದಲ್ನೇ ದಿನಾನೇ ಅವ್ಳೇ ಹೇಳಿದ್ಳು. ಹೇಳಿ ನನ್ ಕಾಲು ಮಡಿಲಿಗೆ ತಗಂಡ್ಳು. ಆ ಮನೆ ಹುಡುಗೀನ ಇಲ್ಲಿ ತಂದು ಕೂರ್ಸಿದ್ಯಾರು ಅಂತ ನೀನು ಕೇಳ್ಬೇಕಿತ್ತು ಕಣೋ. ನೀನು ಮೊಬೈಲ್ ಇಟ್ಟೆ.”

ಗೊತ್ತಿತ್ತು ಅವಳಿಗೆ! ಎಲ್ಲಿ ಮುಖ ಇಟ್ಟುಕೊಳ್ಳಲಿ.

1 ಮಾರ್ಚ್, ಶನಿವಾರ

ಮನೆಗೆ ಕರೆತಂದೆವು. ಪುಸ್ತಕ ಮತ್ತೆ ತೆಗೆದೆ. ಕೆಂಪು ಪೆನ್ ಇಲ್ಲದೆ.

ಅವಳು ಹೇಳಿದ್ದು ನಿಜ. ನಾಳೆ ಸಾಯುತ್ತೇನೆಂದು ತಿಳಿದವನು ಊಟದ ನಡುವೆ ಎದ್ದು, ಶಿಷ್ಯರ ಕಾಲು ತೊಳೆದಿದ್ದಾನೆ. ತನ್ನನ್ನು ಹಗೆಗಳಿಗೆ ಹಿಡಿದುಕೊಡುವವನ ಕಾಲನ್ನೂ. ಇದರಲ್ಲಿ ಏನು ಲಾಭ? ಎಷ್ಟು ಕೆದಕಿದರೂ ಸಿಗಲಿಲ್ಲ.

ಹಿಂದಿನ ಪುಟಗಳಲ್ಲಿ ನನ್ನಂಥವನೇ ಒಬ್ಬ ಇದ್ದಾನೆ. ಜೈಲಿನಲ್ಲಿ ಕೂತು, ಬರಬೇಕಾದ ರಕ್ಷಕ ನೀನೇನಾ ಎಂದು ಯೇಸುವಿನ ಬಳಿಗೆ ಜನರನ್ನು ಕಳಿಸಿ ಕೇಳುತ್ತಾನೆ. ಯೇಸು ಆಣೆ ಇಡುವುದಿಲ್ಲ. ಕಂಡದ್ದನ್ನು, ಕೇಳಿದ್ದನ್ನು ಹೋಗಿ ಹೇಳಿ ಅನ್ನುತ್ತಾನೆ. ಸ್ಥಳಕ್ಕೆ ಬಂದು ನೋಡು ಅಂದ ಹಾಗೆ. ಇಂಥ ಉತ್ತರ ನನ್ನ ಸರ್ವಿಸ್‌ನಲ್ಲಿ ಯಾರೂ ಕೊಟ್ಟಿಲ್ಲ.

ನಾನು ಕಂಡದ್ದೇನು? ಗಂಗಾಧರಯ್ಯನ ಮೊಮ್ಮಗಳ ಮಡಿಲಲ್ಲಿ ನನ್ನವ್ವನ ಕಾಲು. ಅನುಮಾನ ಪೂರ್ತಿ ಹೋಗಿಲ್ಲ. ಆದರೂ ಓದುತ್ತಾ ಕಣ್ಣು ಒದ್ದೆಯಾಯಿತು, ಬರೆದಿಡುತ್ತೇನೆ.

ವಿದ್ಯಾಶ್ರೀಗೆ ಫೋನ್ ಮಾಡಿದೆ. ತಪ್ಪಾಯ್ತಮ್ಮ ಎಂದೆ. “ಅಜ್ಜಿ ಹೆಂಗವ್ರೆ?” ಎಂದಳು. ನಾಳೆ ಡ್ಯೂಟಿಯಂತೆ, ಸೋಮವಾರ ಬರುತ್ತಾಳೆ. “ಅಲ್ಲೀವರ್ಗೂ ನೀವೇ ಮಾಡಿ ಸಾರ್. ಉಗುರುಬೆಚ್ಚಗಿನ ನೀರು. ಬೆರಳು ಸಂದಿ ಚೆನ್ನಾಗಿ ಒರೆಸಿ.”

2 ಭಾನುವಾರ, ಬೆಳಗ್ಗೆ ಹತ್ತು

ನೀರು ಕಾಯಿಸಿದೆ. ಕೋಮಲಾ ಮುಂದೆ ಬಂದಳು, ಬೇಡವೆಂದೆ. ಅವ್ವನನ್ನು ಮಂಚದ ಅಂಚಿಗೆ ಕೂರಿಸಿ, ನೆಲದಲ್ಲಿ ಕೂತು, ಬಗ್ಗಿದೆ.

ಅವ್ವ ಕಾಲು ಸರಕ್ಕನೆ ಎಳೆದುಕೊಂಡಳು. “ಬ್ಯಾಡ ಕಣೋ. ನೀನು ಯಾರ್ ಕಾಲೂ ಮುಟ್ಟೋನಲ್ಲ.”

“ಕೊಡವ್ವ.”

ಕೊಟ್ಟಳು. ಎಷ್ಟು ಹಗುರ! ಹಿಮ್ಮಡಿಯ ಬಿರುಕುಗಳಲ್ಲಿ ಇನ್ನೂ ಮಣ್ಣು. ಹಳೇ ಮಣ್ಣು, ಹೋಗುವುದಿಲ್ಲ. ಹೊಲಿಗೆಗೆ ನೀರು ತಾಗದ ಹಾಗೆ ತೊಳೆದೆ. ಸಂದಿ ಸಂದಿ ಒರೆಸಿದೆ.

“ಅವ್ನೂ ಹಿಂಗೇ ಕೂತಿದ್ನೇನೋ?” ಎಂದಳು ಅವ್ವ.

ಹೂಂ ಎಂದೆ. ಅವನು ದೇವರೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ, ಇವತ್ತು ಗೊತ್ತಿಲ್ಲ. ಆದರೆ ನೆಲದಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದವನನ್ನು ಗುರುತಿಸದೆ ಇರಲು ಆಗಲಿಲ್ಲ. ಟವೆಲ್ ಮಡಿಸಿ ಏಳಲು ಹೊರಟೆ. ಅವ್ವ ಗಾಯವಿಲ್ಲದ ಇನ್ನೊಂದು ಕಾಲನ್ನೂ ಮೆಲ್ಲಗೆ ಮುಂದೆ ಚಾಚಿ, “ಇದೂ ಆ ಬೀದೀಲಿ ನಡೆದದ್ದೇ ಕಣೋ,” ಎಂದಳು. ನಾನು ಟವೆಲ್ ಮತ್ತೆ ಬಿಚ್ಚಿ, ಬಗ್ಗಿದೆ.