ಸತುವನ್ನು ಕೊಯ್ದು ತೋರಿಸಿ

ಮಾರ್ಚ್ ೧೪, ಶುಕ್ರವಾರ

ನನ್ನ ಗುಬ್ಬಿಗೆ ಅಮ್ಮನ ಪ್ರೀತಿ, ಆಶೀರ್ವಾದ.

ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಬಲಗೈ ಬ್ಯಾಂಡೇಜು ಬಿಚ್ಚಿದ್ದು ನಿನ್ನೆ. ಅಕ್ಷರ ಕೋಳಿ ಕೆದಕಿದಂತಿದೆ, ಹೇಗೋ ಓದಿಕೋ. ನಿನ್ನ ಹಾಸ್ಟೆಲಿನ ಸ್ನಾನದ ಕ್ಯೂ ಪುರಾಣ ಓದಿ ಒಬ್ಬಳೇ ನಕ್ಕೆ.

ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಹೊಸ ಮೇಷ್ಟ್ರಿಗೆ ಮಕ್ಕಳನ್ನು ದಂಗುಬಡಿಸುವ ಹುಚ್ಚು. ಲೋಹವನ್ನು ಆಸಿಡ್‌ಗೆ ಹಾಕಿ ತೋರಿಸುವ ಪಾಠಕ್ಕೆ ನಾನು ಸತು, ಮೆಗ್ನೀಸಿಯಂ ಎತ್ತಿಟ್ಟಿದ್ದೆ. ಅವರು ತಾವೇ ಬೀರು ತೆಗೆದು, ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ತಂದು ಚಾಕುವಿನಿಂದ ಕೊಯ್ದರು. "ಸಾರ್, ಅದು ನೀರಿಗೆ ಬಿದ್ರೇ ಹಾರಾಡುತ್ತೆ, ಆಸಿಡ್‌ಗೆ ಬೇಡ" ಅಂದೆ. "ನೀವು ಗಾಜು ತೊಳೀರಿ, ಸಾಕು" ಅಂದರು. ಚೂರನ್ನು ಆಸಿಡ್‌ಗೆ ಹಾಕಿದ್ದೇ ತಡ, ಬೀಕರು ಸಿಡಿಯಿತು. ಮುಂದಿನ ಬೆಂಚಿನ ಹುಡುಗಿಯ ಮುಖಕ್ಕೆ ಅಡ್ಡ ಹೋದದ್ದು ನನ್ನ ಕೈ.

ಮರುದಿನ ಹೆಡ್‌ಮೇಡಂ ಒಂದು ಕಾಗದ ಚಾಚಿದರು. ಮೇಷ್ಟ್ರು ಸತು ಕೇಳಿದರೆ ಅಟೆಂಡರ್ ತಪ್ಪು ಬಾಟಲಿ ಕೊಟ್ಟಳು ಎಂದು ಬರೆದಿತ್ತು. ಸಹಿ ಹಾಕಿದರೆ ಬೇರೆ ಶಾಲೆಗೆ ವರ್ಗ, ಇಲ್ಲದಿದ್ದರೆ ಕೆಲಸಕ್ಕೇ ಸಂಚಕಾರ. ಇಪ್ಪತ್ತೆರಡು ವರ್ಷದಿಂದ ಆ ಲ್ಯಾಬಿನ ಒಂದೊಂದು ಬಾಟಲಿಗೂ ಚೀಟಿ ಅಂಟಿಸಿದವಳು ನಾನು. ಸುತರಾಂ ಆಗಲ್ಲ ಅಂದೆ.

ಮೊನ್ನೆ ವಿಚಾರಣೆಗೆ ಇಲಾಖೆಯಿಂದ ಮೂವರು ಬಂದರು. "ಎಷ್ಟನೇ ಕ್ಲಾಸ್ ಓದಿದ್ದೀಯಮ್ಮ?" ಅಂದರು. "ಏಳು. ಆದ್ರೆ ಹತ್ತನೇ ಕ್ಲಾಸಿನ ಪಾಠ ಇಪ್ಪತ್ತೆರಡು ಸಲ ಕೇಳಿದ್ದೀನಿ" ಅಂದೆ. ಎಡಗೈಯಲ್ಲೇ, ಒಂದೊಂದು ಲೋಹ ಹಾಕಿದ ನಾಲ್ಕು ಟೆಸ್ಟ್ ಟ್ಯೂಬಿಗೆ ನೀರು ಬೆರೆಸಿದ ಆಸಿಡ್ ಸುರಿದೆ. ತಾಮ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕಬ್ಬಿಣದ ಮೊಳೆ ಒಂದೊಂದೇ ಗುಳ್ಳೆ ಬಿಟ್ಟಿತು. ಸತು ಸಣ್ಣಗೆ ಬುಸುಗುಟ್ಟಿತು. ಮೆಗ್ನೀಸಿಯಂ ನೋಡನೋಡುತ್ತಿದ್ದಂತೆ ಕರಗಿಹೋಯಿತು. "ಇದಕ್ಕಿಂತ ಜೋರಿನದು ಸೋಡಿಯಂ. ಗೊತ್ತಿದ್ದೇ ನಾನು ಬೇಡ ಅಂದಿದ್ದು."

ಆಮೇಲೆ ಮೇಷ್ಟ್ರ ಮುಂದೆ ಚಾಕು, ಒಂದು ಚೂರು ಸತು ಇಟ್ಟೆ. "ಸಾರ್, ಸತು ಅಂದ್ಕೊಂಡೇ ಕೊಯ್ದೆ ಅಂತೀರಲ್ಲ, ಇದನ್ನ ಕೊಯ್ದು ತೋರಿಸಿ." ಒತ್ತಿದರು, ತಿರುಗಿಸಿ ಒತ್ತಿದರು, ಚಾಕು ಜಾರಿತು. ಸೋಡಿಯಂ ಆದರೆ ಬೆಣ್ಣೆ; ಸತು ಎಲ್ಲಾದರೂ ಹಾಗೆ ಕೊಯ್ಯಲು ಬರುತ್ತದೆಯೇ? ಮೂವರೂ ಪೆನ್ನು ಕೆಳಗಿಟ್ಟರು.

ಆದೇಶ ಇನ್ನೂ ಬಂದಿಲ್ಲ. ಬಂದದ್ದು ಬರಲಿ, ಆ ಕಾಗದದಲ್ಲಿ ನನ್ನ ಸಹಿಯಂತೂ ಇಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಪರೀಕ್ಷೆಗೆ ಹೆದರಬೇಡ, ನೂರ್ಕಾಲ ತಣ್ಣಗಿರು.

ನಿನ್ನ
ಅಮ್ಮ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಅವತ್ತು ಫೋನಿನಲ್ಲಿ ನೀನು "ಹೋಗ್ಲಿ ಬಿಡಮ್ಮ, ಒಪ್ಕೊಂಡು ಸಹಿ ಹಾಕ್ಬಿಡು" ಅಂದೆ. "ಬಾಟಲಿ ನೀನೇ ಕೊಟ್ಟೆಯಾ?" ಎಂದು ಆ ಮೂವರೂ ಒಬ್ಬೊಬ್ಬರಾಗಿ ನನ್ನನ್ನು ಕೇಳಿದರು. ನೀನು ಕೇಳಲಿಲ್ಲ.