ಉಳಿದುಹೋದ ಒಂದು ನಿಮಿಷ

ಫೆಬ್ರವರಿ ಮೂವತ್ತು, 2319

ಇಪ್ಪತ್ತೊಂದನೆಯ ಶತಮಾನದ ರಾಷ್ಟ್ರಪತಿಗಳ ಪತ್ನಿಯರಿಗೂ ಪತಿಗಳಿಗೂ,

ತಾರೀಖು ನೋಡಿ ನಗಬೇಡಿ; ನಮ್ಮಲ್ಲಿ ಎಲ್ಲ ತಿಂಗಳಿಗೂ ಸಮಪಾಲು ಸಿಕ್ಕಿದೆ. ನನ್ನ ಕನ್ನಡ ನಿಮಗೆ ಸ್ವಲ್ಪ ಸೊಟ್ಟಗೆ ಕಂಡೀತು, ಕ್ಷಮಿಸಿ. ನನ್ನ ಹೆಂಡತಿ ಗಂಗಾಂಬಿಕೆ ರಾಷ್ಟ್ರಪತಿ. ನಾನು, ನೀಲಕಂಠ, ಬರೀ ಪತಿ.

ನಿಮ್ಮ ಕಾಲದವರು ಹೂಗುಚ್ಛ ಹಿಡಿದು ಅರ್ಧ ಹೆಜ್ಜೆ ಹಿಂದೆ ನಿಲ್ಲುತ್ತಿದ್ದರಂತೆ. ಆಮೇಲಿನವರು ಶಾಲೆ, ಆಸ್ಪತ್ರೆಗಳ ಟೇಪು ಕತ್ತರಿಸಿದರು. ಅವರ ನಂತರದವರು ಕತ್ತರಿ ಕೆಳಗಿಟ್ಟು ತಮಗೂ ಒಂದು ಕಚೇರಿ ಕೇಳಿ ಪಡೆದರು. ನನ್ನ ಅಜ್ಜಿಯ ಕಾಲಕ್ಕೆ 'ಕಾಲುಗಂಟೆ' ಬಂತು. ಅಂದರೆ, ಐದು ವರ್ಷಕ್ಕೊಮ್ಮೆ ರಾಷ್ಟ್ರಪತಿಯ ಸಂಗಾತಿ ಸಂಸತ್ತಿನಲ್ಲಿ ರಾಷ್ಟ್ರಪತಿಯ ಕುರ್ಚಿಯಲ್ಲೇ ಕೂತು ಹದಿನೈದು ನಿಮಿಷ ಮಾತಾಡಬಹುದು. ಬರೆದುಕೊಡುವವರಿಲ್ಲ, ತಿದ್ದುವವರಿಲ್ಲ. ಅಲ್ಲಿ ಸಂಗಾತಿ ಯಾವ ವಿಷಯ ಎತ್ತಿದರೂ ಅದನ್ನು ಸಂಸತ್ತು ಮತ್ತೊಮ್ಮೆ ಚರ್ಚಿಸಲೇಬೇಕು. ಮಿಕ್ಕ ದಿನಗಳಲ್ಲಿ ನನ್ನ ಕೆಲಸ ವಿದೇಶಿ ಅತಿಥಿಗಳ ಮುಂದೆ ಉಪ್ಪಿಟ್ಟಿನ ಪರ ವಾದಿಸುವುದು.

ನನ್ನ ಕಾಲುಗಂಟೆಗೆ ಮೂರು ದಿನ ಮುಂಚೆ ತೇಲೂರಿನ ಸೂಲಗಿತ್ತಿ ದುಗ್ಗಮ್ಮ ಬಂದರು. ತೇಲೂರೆಂದರೆ, ಕಡಲು ಹಳ್ಳಿಯನ್ನು ನುಂಗಿದ ಮೇಲೆ ಅಲ್ಲಿನವರು ದೋಣಿಗೆ ದೋಣಿ ಬಿಗಿದು ಕಟ್ಟಿಕೊಂಡ ಊರು. ಬಂದರು ಕಟ್ಟಲು ಅದನ್ನು ಬಿಚ್ಚಿ ಚದುರಿಸುವ ಮಸೂದೆ ಸಂಸತ್ತಿನಲ್ಲಿ ಪಾಸಾಗಿ, ಸಹಿಗೆಂದು ಗಂಗಾಂಬಿಕೆಯ ಮೇಜಿನ ಮೇಲಿತ್ತು.

"ಅಣ್ಣಾ, ಹದಿನೈದರಲ್ಲಿ ನಮ್ಗೆ ಎರಡೇ ನಿಮಿಷ ಕೊಡಿ. ಅಲ್ಲಿ ನಾನೂರು ಮನೆ ಉಂಟು ಅಂತ ಹೇಳಿದ್ರೆ ಸಾಕು," ಎಂದರು. ಖಂಡಿತ ಎಂದು, ಅದನ್ನೇ ಬರೆದು ತಂದಿದ್ದ ಅವರ ಚೀಟಿಯನ್ನು ಜೇಬಿಗಿಳಿಸಿದೆ.

ಕುರ್ಚಿಯಲ್ಲಿ ಕೂತಾಗ ಅಳುಕು ಶುರುವಾಯಿತು. ಅವಳ ಸಹಿಗೆ ಕಾದಿರುವ ಮಸೂದೆಯನ್ನೇ ಪ್ರಶ್ನಿಸಿ ಹೆಂಡತಿಗೆ ಮುಜುಗರವಾದರೆ? ಮೊದಲು ಸಭೆ ಹಗುರಾಗಲಿ ಎಂದು ಅವಳ ಗೊರಕೆಯ ಕಥೆ ಹೇಳಿದೆ. ಕಾವಲಿನವರು ಅದರ ತಾಳಕ್ಕೇ ಹೆಜ್ಜೆ ಹಾಕುತ್ತಾರೆ ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗು ಎಷ್ಟು ಹಿತವಾಗಿತ್ತೆಂದರೆ ಇನ್ನೊಂದು ಹೇಳಿದೆ, ಮತ್ತೊಂದು ಹೇಳಿದೆ. ಹದಿನಾಲ್ಕು ನಿಮಿಷ ಮುಗಿದಾಗ ಮೂರನೆಯ ಸಾಲಿನಲ್ಲಿ ದುಗ್ಗಮ್ಮ ಕಂಡರು. ಅವರೂ ಮರ್ಯಾದೆಗೆ ನಗುತ್ತಿದ್ದರು. ನಾನು ಜೇಬಿನ ಚೀಟಿ ತೆಗೆಯದೆಯೇ ಕೈಮುಗಿದು ಎದ್ದುಬಿಟ್ಟೆ.

ಗಂಗಾಂಬಿಕೆ ಮನೆಯಲ್ಲಿ ಇಂದಿಗೂ ಧಾರವಾಡದ ಮಾತನ್ನೇ ಆಡುತ್ತಾಳೆ. "ಮುಗೀತೇನ್ರೀ ನಿಮ್ಮ ಭಾಷಣಾ?" ಎಂದಳು. "ನಾನಾಗೇ ಆ ಮಸೂದೆ ತಡಿಯಾಕ ಬರಂಗಿಲ್ಲ. ನೀವು ಕೇಳ್ತೀರಿ ಅಂತ ಎರಡು ವಾರದಿಂದ ಪೆನ್ನಿನ ಮುಚ್ಚಳ ತಗೀಲಾರದ ಕೂತಿದ್ದೆ."

ಮರುದಿನ ಮುಚ್ಚಳ ತೆಗೆದಳು. ಹತ್ತೇ ದಿನದಲ್ಲಿ ತೇಲೂರಿನ ಹಗ್ಗಗಳನ್ನು ಕಡಿದರು.

ಕಳೆದ ವಾರ ದುಗ್ಗಮ್ಮನ ಕಾಗದ ಬಂತು: "ಅಣ್ಣಾ, ನಾವೀಗ ಮೂರು ಕಡೆ ಆಗಿದ್ದೇವೆ. ಮಕ್ಕಳು ನಿಮ್ಮ ಗೊರಕೆ ಕಥೆ ಹೇಳಿಕೊಂಡು ಈಗಲೂ ನಗ್ತಾರೆ." ಬೈದಿದ್ದರೆ ಉತ್ತರ ಬರೆಯಬಹುದಿತ್ತು.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಹೂಗುಚ್ಛ ಕೊಟ್ಟು ನಿಮ್ಮ ಬಾಯಿ ಕಟ್ಟಿದವರನ್ನು ಶಾಲೆಯಲ್ಲಿ ಬೈದುಕೊಂಡೇ ಬೆಳೆದವನು ನಾನು. ನನ್ನ ಬಾಯನ್ನು ಯಾರೂ ಕಟ್ಟಿರಲಿಲ್ಲ. ಯಾರಾದರೂ ನಿಮ್ಮಲ್ಲಿ ಎರಡು ನಿಮಿಷ ಕೇಳಿದರೆ, ದಯವಿಟ್ಟು ಮೊದಲ ಎರಡನ್ನೇ ಕೊಡಿ. ನನ್ನ ಹದಿನೈದರಲ್ಲಿ ಒಂದು ಬಳಸದೆ ಉಳಿದಿದೆ. ದುಗ್ಗಮ್ಮನ ಚೀಟಿಯಲ್ಲಿ ಸುತ್ತಿ ಅದನ್ನು ನಿಮಗೆ ಕಳಿಸುತ್ತಿದ್ದೇನೆ. ನೀವಾದರೂ ಓದಿ ಹೇಳಿ.

ನೀಲಕಂಠ